ಸನ್ಯಾಸಿ ಏಡಿಗೆ ಒದ್ದೆ ಸ್ಪಾಂಜ್ ಸಾಲದು

ಪ್ರಶ್ನೆ: ನಮ್ಮದು ಕೋಲಾರ. ಮಗಳು ಹಟ ಹಿಡಿದಳೆಂದು ಕಳೆದ ತಿಂಗಳು ಬೆಂಗಳೂರಿನ ಸಾಕುಪ್ರಾಣಿ ಅಂಗಡಿಯೊಂದರಿಂದ ಎರಡು ಸನ್ಯಾಸಿ ಏಡಿಗಳನ್ನು (ಖಾಲಿ ಶಂಖದೊಳಗೆ ಬದುಕುವ ಹರ್ಮಿಟ್ ಕ್ರ್ಯಾಬ್) ತಂದೆವು. ಪ್ಲಾಸ್ಟಿಕ್ ಡಬ್ಬಿ, ಬಣ್ಣದ ಕಲ್ಲು, ಒಂದು ಸ್ಪಾಂಜ್ ಅವರೇ ಕೊಟ್ಟರು. ನೀರಿನ ಬಟ್ಟಲು ಇಟ್ಟರೆ ಏಡಿಗಳು ಮುಳುಗಿ ಸಾಯುತ್ತವೆ, ಸ್ಪಾಂಜ್ ಒದ್ದೆ ಮಾಡಿದರೆ ಸಾಕು ಎಂದರು. ಈಗ ಒಂದು ವಾರದಿಂದ ದೊಡ್ಡ ಏಡಿ ಶಂಖದೊಳಗೆ ಸೇರಿಕೊಂಡು ಅಲುಗಾಡುತ್ತಿಲ್ಲ. ಸತ್ತಿದೆಯೇ? ಉಪ್ಪುನೀರು ಬೇಕೆಂದು ಯಾರೋ ಹೇಳಿದರು. ಅಡುಗೆ ಉಪ್ಪು ಬೆರೆಸಬಹುದೇ? ನಮ್ಮ ಮನೆಗೆ ಬರುವುದು ಬೋರ್‌ವೆಲ್ ನೀರು, ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ. ಯಾವುದನ್ನು ಕೊಡಬೇಕು? ಸಾಕಲು ಆಗದಿದ್ದರೆ ಕೆರೆಗೆ ಬಿಡಬಹುದೇ?

ಉತ್ತರ: ಮೊದಲು ಅಲುಗಾಡದ ಏಡಿಯ ವಿಚಾರ. ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ. ಸತ್ತ ಏಡಿ ಒಂದೆರಡು ದಿನಗಳಲ್ಲೇ ಕೊಳೆತ ಮೀನಿನ ವಾಸನೆ ಹೊಡೆಯುತ್ತದೆ. ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸತ್ತದ್ದು ಸಾಮಾನ್ಯವಾಗಿ ಶಂಖದಿಂದ ಜೋತುಬಿದ್ದಿರುತ್ತದೆ. ನಿಮ್ಮದು ಒಳಗೆ ಸೇರಿಕೊಂಡಿದೆ ಎನ್ನುತ್ತೀರಿ. ಅದರ ದೊಡ್ಡ ಎಡಗೊಂಡಿ ಶಂಖದ ಬಾಯಿಗೆ ಕದದಂತೆ ಅಡ್ಡ ಕುಳಿತಿದ್ದು, ವಾಸನೆ ಇಲ್ಲವಾದರೆ ಅದು ಬದುಕಿದೆ ಎಂದೇ ತಿಳಿದು ಮುಂದುವರಿಯಿರಿ. ಎಳೆದು ನೋಡಬೇಡಿ. ಅಪಾಯ ಎಂದುಕೊಂಡ ಏಡಿ ಶಂಖ ಬಿಡುವುದಕ್ಕಿಂತ ಮೈ ಹರಿದುಕೊಳ್ಳಲು ಸಿದ್ಧವಿರುತ್ತದೆ.

ಅದು ಹಾಗೆ ಕುಳಿತಿರಲು ಎರಡು ಕಾರಣಗಳಿರಬಹುದು. ಒಂದು, ಪೊರೆ, ಅಂದರೆ ಮೈಮೇಲಿನ ಹಳೆಯ ಚಿಪ್ಪು, ಕಳಚುವ ಕಾಲ ಹತ್ತಿರ ಬಂದಿರಬಹುದು. ಎರಡನೆಯದು, ನಿಮ್ಮ ವಿವರಣೆ ಓದಿದಾಗ ನನಗೆ ಹೆಚ್ಚು ಭಯ ಹುಟ್ಟಿಸಿದ್ದು: ಅದಕ್ಕೆ ಉಸಿರಾಡಲು ಕಷ್ಟವಾಗುತ್ತಿರಬಹುದು. ಸನ್ಯಾಸಿ ಏಡಿಗೆ ನೀರು ಎಂದರೆ ಬಾಯಾರಿದಾಗ ಕುಡಿಯುವ ವಸ್ತು ಮಾತ್ರವಲ್ಲ. ನೆಲದ ಮೇಲೆ ಬದುಕಿದರೂ ಈ ಪ್ರಾಣಿ ಉಸಿರಾಡುವುದು ಕಿವಿರುಗಳಿಂದ. ಆ ಕಿವಿರುಗಳು ಗಾಳಿಯಿಂದ ಆಮ್ಲಜನಕ ಹೀರುವಂತೆ ಮಾರ್ಪಟ್ಟಿವೆ, ನಿಜ. ಆದರೆ ಅವು ಸದಾ ತೇವವಾಗಿರಬೇಕು. ಒಣಗಿದರೆ ಕೆಲಸ ಮಾಡುವುದಿಲ್ಲ. ಒಣ ಗಾಳಿಯಲ್ಲಿ ಇಟ್ಟ ಏಡಿ ಒಂದೇ ದಿನದಲ್ಲಿ ಸಾಯುವುದಿಲ್ಲ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಿಧಾನವಾಗಿ ಉಸಿರುಗಟ್ಟುತ್ತದೆ. ಅದಕ್ಕೇ ಅಂಗಡಿಯಲ್ಲಿ ಚೆನ್ನಾಗಿದ್ದದ್ದು ಮನೆಯಲ್ಲಿ ಯಾಕೆ ಸತ್ತಿತೋ ಎಂದು ಜನ ಕಂಗಾಲಾಗುತ್ತಾರೆ. ಕಾಡಿನಲ್ಲಿ, ಅಂದರೆ ತನ್ನ ಕಡಲತೀರದಲ್ಲಿ, 30 ವರ್ಷ ದಾಟಿ ಬದುಕಬಲ್ಲ ಪ್ರಾಣಿ ಇದು. ಮನೆಗಳಲ್ಲಿ ವರ್ಷ ತುಂಬುವುದೇ ಅಪರೂಪವಾಗಿರುವುದು ಬಹುಪಾಲು ನೀರಿನ ವಿಷಯದಲ್ಲಿ ನಾವು ತೋರುವ ಅಲಕ್ಷ್ಯದಿಂದ.

ಮುಂದುವರಿಯುವ ಮುನ್ನ ಏಡಿಯ ಕಣ್ಣನ್ನು ಒಮ್ಮೆ ಗಮನಿಸಿ. ನೆಲದ ಸನ್ಯಾಸಿ ಏಡಿಗಳ ಕಣ್ಣಿನ ಕಾಂಡ ಎರಡೂ ಬದಿಯಿಂದ ಒತ್ತಿದಂತೆ ಚಪ್ಪಟೆಯಾಗಿರುತ್ತದೆ. ಕಣ್ಣುಗಳ ನಡುವೆ ಇರುವ ಚಿಕ್ಕ ಮೀಸೆ ಮೊಣಕೈಯಂತೆ ಮಡಚಿ, ತುದಿ ಮೊಂಡಾಗಿರುತ್ತದೆ. ಕಾಂಡ ದುಂಡಗೆ ಕಡ್ಡಿಯಂತಿದ್ದರೆ ಅದು ಸಮುದ್ರದೊಳಗೆ, ಬಂಡೆಗಳ ಸಂದಿನ ನೀರಿನಲ್ಲಿ ಬದುಕುವ ಜಾತಿ. ನಮ್ಮ ಉತ್ತರ ಕನ್ನಡ, ಉಡುಪಿ ತೀರದ ಬಂಡೆಗಳ ಬಳಿ ಮಕ್ಕಳು ಹೆಕ್ಕಿ ತರುವುದು ಹೆಚ್ಚಾಗಿ ಇವನ್ನೇ. ಅವಕ್ಕೆ ಗಾಳಿಯ ಪಂಪ್ ಇರುವ ಪೂರ್ಣ ಸಮುದ್ರ ಅಕ್ವೇರಿಯಂ ಬೇಕು, ಈ ಉತ್ತರ ಅವಕ್ಕೆ ಅನ್ವಯಿಸುವುದಿಲ್ಲ. ನಿಮ್ಮದು ಒಂದು ತಿಂಗಳು ಒಣ ಡಬ್ಬಿಯಲ್ಲಿ ಬದುಕಿದೆಯಾದ್ದರಿಂದ ನೆಲದ ಜಾತಿಯೇ ಇರಬೇಕು.

ಇನ್ನು ಬಟ್ಟಲು. ಮುಳುಗಿ ಸಾಯುತ್ತವೆ ಎಂಬ ಮಾತು ಅರ್ಧ ಸತ್ಯ. ನೀರಿನಿಂದ ಹೊರಬರಲು ದಾರಿಯೇ ಇಲ್ಲದಿದ್ದರೆ ಸಾಯುತ್ತವೆ. ಹತ್ತಿ ಬರಲು ಕಲ್ಲೋ ತೆಂಗಿನ ನಾರಿನ ಹಗ್ಗವೋ ಪ್ಲಾಸ್ಟಿಕ್ ಜಾಲರಿಯ ಚೂರೋ ಇದ್ದರೆ ಆರೋಗ್ಯವಂತ ಏಡಿ ತಾನೇ ಇಳಿದು ತಾನೇ ಹತ್ತುತ್ತದೆ. ಆದ್ದರಿಂದ ಸ್ಪಾಂಜನ್ನು ಇವತ್ತೇ ಎಸೆಯಿರಿ. ಬೆಚ್ಚಗಿನ ಜಾಗದಲ್ಲಿ ಅದು ಬ್ಯಾಕ್ಟೀರಿಯಾ ಬೆಳೆಸುವುದಕ್ಕೆ ಹೇಳಿಮಾಡಿಸಿದ ವಸ್ತು. ಅದರ ಜಾಗದಲ್ಲಿ ಎರಡು ಬಟ್ಟಲುಗಳು ಬರಲಿ, ಒಂದು ಸಿಹಿನೀರಿಗೆ, ಒಂದು ಉಪ್ಪುನೀರಿಗೆ. ದೊಡ್ಡ ಏಡಿ ಶಂಖಸಮೇತ ಮುಳುಗುವಷ್ಟು ಆಳ ಇರಬೇಕು. ಗಾಜು, ಪಿಂಗಾಣಿ, ಆಹಾರಕ್ಕೆ ಬಳಸುವ ಪ್ಲಾಸ್ಟಿಕ್ ಯಾವುದಾದರೂ ಆದೀತು.

ಎರಡು ಯಾಕೆ ಎಂಬುದನ್ನು ನಿಮ್ಮ ಮಗಳೂ ಕುಳಿತು ನೋಡಬೇಕು. ಸಂಜೆ ದೀಪ ಮಂದವಾದ ಮೇಲೆ ಏಡಿ ಬಟ್ಟಲಿನ ಅಂಚಿಗೆ ಬರುತ್ತದೆ. ಚಿಕ್ಕ ಬಲಗೊಂಡಿಯನ್ನು ನೀರಿನಲ್ಲಿ ಅದ್ದಿ, ತುದಿಗೆ ಅಂಟಿದ ಹನಿಯನ್ನು ಬಾಯಿಗೆ ಒಯ್ಯುತ್ತದೆ, ಮತ್ತೆ ಅದ್ದುತ್ತದೆ. ಮೀಸೆ ಬಡಿಯುತ್ತಲೇ ಇರುತ್ತದೆ. ಆಮೇಲೆ ಪೂರ್ತಿ ಇಳಿದು, ಶಂಖವನ್ನು ಓರೆ ಮಾಡಿ, ಒಳಗೆ ನೀರು ತುಂಬಿಕೊಂಡು ಹತ್ತುತ್ತದೆ. ಕೆಲವೊಮ್ಮೆ ಅಲ್ಲಿಂದ ನೇರವಾಗಿ ಎರಡನೆಯ ಬಟ್ಟಲಿಗೆ ಹೋಗುತ್ತದೆ. ಶಂಖದೊಳಗೆ ಹೊತ್ತ ಆ ನೀರೇ ಅದರ ಮೃದುವಾದ ಹೊಟ್ಟೆಯನ್ನೂ ಕಿವಿರನ್ನೂ ತೇವವಾಗಿಡುತ್ತದೆ. ಅದರ ಉಪ್ಪಿನ ಪ್ರಮಾಣ ಎಷ್ಟಿರಬೇಕೆಂಬುದನ್ನು ಏಡಿ ಎರಡೂ ನೀರನ್ನು ಬೆರೆಸಿಕೊಂಡು ತಾನೇ ಹೊಂದಿಸಿಕೊಳ್ಳುತ್ತದೆ. ಜಾತಿಯಿಂದ ಜಾತಿಗೆ ಈ ಬಯಕೆ ಬೇರೆ: ಕೆಲವು ಸಮುದ್ರದ ಉಪ್ಪಿಗೆ ಹತ್ತಿರವಿರಲು ಬಯಸಿದರೆ, ದಡದಿಂದ ದೂರ ಬದುಕುವ ಕೆಲವು ಸಿಹಿನೀರನ್ನೇ ಹೆಚ್ಚು ನೆಚ್ಚುತ್ತವೆ. ಪೊರೆ ಕಳಚುವ ಮುನ್ನ ಮೈಯಲ್ಲಿ ನೀರು ತುಂಬಿಸಿಕೊಳ್ಳಬೇಕಾದ್ದರಿಂದ ಆಗ ಬಟ್ಟಲಿಗೆ ಹೋಗಿ ಬರುವುದು ಹೆಚ್ಚುತ್ತದೆ. ಎಷ್ಟು ಬೇಕು ಎಂಬ ಲೆಕ್ಕ ಏಡಿಗೆ ಗೊತ್ತಿದೆ. ನಮ್ಮ ಕೆಲಸ ಎರಡನ್ನೂ ಶುದ್ಧವಾಗಿ ಇಡುವುದಷ್ಟೆ.

ಈಗ ನಿಮ್ಮ ಉಪ್ಪಿನ ಪ್ರಶ್ನೆ. ಅಡುಗೆ ಉಪ್ಪು ಬೇಡ, ಕಲ್ಲುಪ್ಪೂ ಬೇಡ. ಸಮುದ್ರದ ನೀರಿನಿಂದಲೇ ಬಂದದ್ದಲ್ಲವೇ ಎಂದು ಬಹಳ ಜನ ಕೇಳುತ್ತಾರೆ. 1 ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ನಾವು ತಿನ್ನುವ ಸೋಡಿಯಂ ಕ್ಲೋರೈಡ್ ದೊಡ್ಡ ಪಾಲು. ಜೊತೆಗೆ 1.3 ಗ್ರಾಂನಷ್ಟು ಮೆಗ್ನೀಸಿಯಂ, 0.4 ಗ್ರಾಂನಷ್ಟು ಕ್ಯಾಲ್ಸಿಯಂ, ಅಷ್ಟೇ ಪೊಟ್ಯಾಸಿಯಂ ಇರುತ್ತದೆ. ಉಪ್ಪಿನ ಗದ್ದೆಯಲ್ಲಿ ನೀರು ಆರುತ್ತಾ ಹೋದಂತೆ ಕ್ಯಾಲ್ಸಿಯಂ ಜಿಪ್ಸಂ ರೂಪದಲ್ಲಿ ಮೊದಲೇ ತಳಕ್ಕೆ ಕೂರುತ್ತದೆ; ಉಪ್ಪು ಹರಳುಗಟ್ಟಿದ ಮೇಲೆ ಉಳಿಯುವ ಕಹಿ ನೀರಿನೊಂದಿಗೆ ಮೆಗ್ನೀಸಿಯಂ, ಪೊಟ್ಯಾಸಿಯಂ ಹರಿದುಹೋಗುತ್ತವೆ. ನಮ್ಮ ಅಡುಗೆಮನೆಗೆ ಬರುವುದು ಉಳಿದ ಉಪ್ಪು, ಅದಕ್ಕೆ ಸೇರಿಸಿದ ಅಯೋಡಿನ್, ಪುಡಿ ಉಪ್ಪಾದರೆ ಗಂಟಾಗದಂತೆ ಹಾಕಿದ ಇನ್ನೊಂದು ರಾಸಾಯನಿಕ. ಹೊಸ ಚಿಪ್ಪು ಕಟ್ಟಿಕೊಳ್ಳಬೇಕಾದ ಪ್ರಾಣಿಗೆ ಬೇಕಾದದ್ದೇ ಅದರಲ್ಲಿಲ್ಲ.

ಬೇಕಾದದ್ದು ಸಮುದ್ರ ಮೀನು ಸಾಕುವವರು ಬಳಸುವ ಮರೈನ್ ಸಾಲ್ಟ್. ಕೊಳ್ಳುವಾಗ ಎಚ್ಚರ: ಅಕ್ವೇರಿಯಂ ಸಾಲ್ಟ್ ಎಂಬ ಹೆಸರಿನಲ್ಲಿ ಸಿಗುವ ಪೊಟ್ಟಣ ಸಿಹಿನೀರಿನ ಮೀನುಗಳಿಗೆ ಹಾಕುವ ಬರೀ ಸೋಡಿಯಂ ಕ್ಲೋರೈಡ್. ಕೋಲಾರದಲ್ಲಿ ಮರೈನ್ ಸಾಲ್ಟ್ ಸಿಗದಿದ್ದರೆ ಬೆಂಗಳೂರಿನಿಂದ ತರಿಸಿ. 1 ಕೆಜಿ ತಂದರೆ ಎರಡು ಏಡಿಗಳಿಗೆ ಬಹಳ ಕಾಲ ಬರುತ್ತದೆ, ತೇವ ತಾಗದ ಡಬ್ಬಿಯಲ್ಲಿಡಿ. 1 ಲೀಟರ್ ನೀರಿಗೆ 35 ಗ್ರಾಂ ತೂಗಿ ಹಾಕಿ, ಕಲಕಿ, ಒಂದು ರಾತ್ರಿ ಬಿಟ್ಟು ಬಳಸಿ. ಚಮಚದ ಲೆಕ್ಕ ನಂಬಬೇಡಿ. ಬಟ್ಟಲಿನ ನೀರು ಆರಿ ಕಡಿಮೆಯಾದರೆ ಮೇಲಿಂದ ಉಪ್ಪುನೀರು ಸುರಿಯುವುದು ತಪ್ಪು, ಏಕೆಂದರೆ ಆರಿದ್ದು ನೀರು ಮಾತ್ರ, ಉಪ್ಪು ಅಲ್ಲೇ ಇದೆ. ಸಿಹಿನೀರನ್ನೇ ತುಂಬಿ. ಫಿಲ್ಟರ್ ಇಲ್ಲದ ಬಟ್ಟಲುಗಳನ್ನು ಎರಡು ಮೂರು ದಿನಕ್ಕೊಮ್ಮೆ ಪೂರ್ತಿ ಬದಲಿಸಿ. ಸೋಪು ಹಾಕದೆ ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ.

ಯಾವ ನೀರು ಎಂಬುದು ನಮ್ಮ ಜಿಲ್ಲೆಗಳಲ್ಲಿ ಹಗುರವಾದ ಪ್ರಶ್ನೆಯಲ್ಲ. ಬತ್ತದ ನದಿಯೊಂದೂ ಇಲ್ಲದ ಕೋಲಾರದಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿವೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ, ಶಿರಾ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಹಲ್ಲು ಕಂದಾದ ಮಕ್ಕಳನ್ನು ಕಂಡ ಎಲ್ಲರಿಗೂ ಗೊತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಮನುಷ್ಯರಿಗೆ ಬೇಡವೆಂದ ನೀರನ್ನು ಮೈತುಂಬಾ ಅದನ್ನೇ ಹೊತ್ತು ತಿರುಗುವ ಈ ಪುಟ್ಟ ಪ್ರಾಣಿಗೆ ನಾನು ಕೊಡುವುದಿಲ್ಲ. ಘಟಕದ ಕ್ಯಾನ್ ನೀರೇ ನಿಮಗೆ ಸರಿಯಾದದ್ದು. ಆರ್‌ಒ ನೀರಿನಲ್ಲಿ ಖನಿಜ ಕಡಿಮೆ ಎಂಬ ಚಿಂತೆ ಬೇಡ. ಉಪ್ಪುನೀರಿನ ಬಟ್ಟಲು ಮತ್ತು ಆಹಾರ ಅದನ್ನು ತುಂಬಿಕೊಡುತ್ತವೆ. ಮಳೆಗಾಲದಲ್ಲಿ ಮೊದಲ ಒಂದೆರಡು ಮಳೆ ತಾರಸಿಯನ್ನು ತೊಳೆದ ಮೇಲೆ ಹಿಡಿದ ಮಳೆನೀರೂ ಒಳ್ಳೆಯದು.

ನಲ್ಲಿ ಅಥವಾ ಟ್ಯಾಂಕರ್ ನೀರೇ ಗತಿಯಾದರೆ ಕ್ಲೋರಿನ್ ತೆಗೆಯಬೇಕು. ಬ್ಲೀಚಿಂಗ್ ಪೌಡರ್ ಹಾಕಿದ ನೀರು ನಮಗೆ ಕ್ಷೇಮ, ಏಡಿಯ ಕಿವಿರಿಗೆ ಉರಿ. ಅಗಲ ಬಾಯಿಯ ಬಕೆಟ್ಟಿನಲ್ಲಿ 24 ಗಂಟೆ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಕ್ವೇರಿಯಂ ಅಂಗಡಿಯ ಆಂಟಿ-ಕ್ಲೋರಿನ್ ಹನಿ ಇದೆ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಾಢವಾಗುತ್ತದೆ. ಕೆರೆ ನೀರು ಬೇಡವೇ ಬೇಡ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿರುವುದು ಅಂತರ್ಜಲ ಹೆಚ್ಚಿಸಲೆಂದು ತಂದ, ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು.

ಇಲ್ಲೊಂದು ಮಾತನ್ನು ಅಡಿಗೆರೆ ಎಳೆದು ಹೇಳಬೇಕು. ತಾಮ್ರ ಏಡಿ, ಸಿಗಡಿ ಜಾತಿಯ ಪ್ರಾಣಿಗಳಿಗೆ ವಿಷ. ನಮ್ಮ ಮನೆಗಳಲ್ಲಿ ಕುಡಿಯುವ ನೀರನ್ನು ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಡೀ ಇಡುವ ರೂಢಿ ಇದೆ. ಆ ನೀರನ್ನು ಏಡಿಗೆ ಹಾಕಬೇಡಿ. ಹಿತ್ತಾಳೆ ಪಾತ್ರೆಯೂ ಬೇಡ, ಅದರಲ್ಲೂ ತಾಮ್ರವಿದೆ. ಈಚೆಗೆ ನೀರಿಗೆ ತಾಮ್ರ ಸೇರಿಸುವ ಆರ್‌ಒ ಯಂತ್ರಗಳೂ ಬಂದಿವೆ. ನಿಮ್ಮ ನೆಂಟರ ಮನೆಯಲ್ಲಿ ಅಂಥದ್ದಿದ್ದರೆ ಅಲ್ಲಿಂದ ತುಂಬಿಸಿಕೊಂಡು ಬರಬೇಡಿ. ಮೀನಿನ ರೋಗಗಳಿಗೆ ಹಾಕುವ ಹಲವು ಔಷಧಗಳಲ್ಲೂ ತಾಮ್ರವಿರುತ್ತದೆ. ಇದೇ ಸಾಲಿಗೆ ಸೇರುವುದು ಸೊಳ್ಳೆಬತ್ತಿ, ಸೊಳ್ಳೆ ಓಡಿಸುವ ದ್ರವದ ಯಂತ್ರ, ಜಿರಳೆ ಸ್ಪ್ರೇ, ಇರುವೆ ಚಾಕ್. ಕೀಟ ಕೊಲ್ಲುವುದು ಏಡಿಯನ್ನೂ ಕೊಲ್ಲುತ್ತದೆ. ಏಡಿ ಇರುವ ಕೋಣೆಗೆ ಸೊಳ್ಳೆ ಪರದೆಯೇ ಸರಿ.

ಎರಡು ಬಟ್ಟಲು ಇಟ್ಟ ಮಾತ್ರಕ್ಕೆ ನೀರಿನ ವಿಚಾರ ಮುಗಿಯಲಿಲ್ಲ. ನಮ್ಮ ಬಯಲುಸೀಮೆಯಲ್ಲಿ ಈ ಪ್ರಾಣಿಗೆ ನೀರು ಒದಗಿಸುವುದು ನಿಜವಾಗಿ ಕಷ್ಟವಾಗುವುದು ಗಾಳಿಯಲ್ಲಿ. ಏಡಿಗೆ 75ರಿಂದ 85ರಷ್ಟು ಶೇಕಡಾ ಆರ್ದ್ರತೆ ಬೇಕು, 24ರಿಂದ 29 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಬೇಕು. ಕಡಲ ಮಟ್ಟದಿಂದ 800 ಮೀಟರ್‌ಗೂ ಎತ್ತರದಲ್ಲಿರುವ ನಮ್ಮ ಊರುಗಳಲ್ಲಿ ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ಬಟ್ಟೆ ಗಂಟೆಯೊಳಗೆ ಒಣಗುತ್ತದೆ. ಅದು ನಮಗೆ ಅನುಕೂಲ, ಕಿವಿರಿಗೆ ಮಾರಕ. ಧನುರ್ಮಾಸದ ರಾತ್ರಿಗಳಲ್ಲಿ ಚಳಿಯ ಕಾಟ ಬೇರೆ. ಜಾಲರಿ ಮುಚ್ಚಳದ ಡಬ್ಬಿಯಲ್ಲಿ ಎಷ್ಟು ನೀರು ಚಿಮುಕಿಸಿದರೂ ಅರ್ಧ ಗಂಟೆಯಲ್ಲಿ ಹಾರಿಹೋಗುತ್ತದೆ.

ಆದ್ದರಿಂದ ಖರ್ಚು ಮಾಡುವುದಿದ್ದರೆ ಮೊದಲು ಗಾಜಿನ ತೊಟ್ಟಿಗೆ ಮಾಡಿ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಸಾಧಾರಣ ಅಕ್ವೇರಿಯಂ ಎರಡು ಏಡಿಗಳಿಗೆ ಸಾಕು. ಹಳೆಯದಾದರೂ ಆಗುತ್ತದೆ, ಅದರಲ್ಲಿ ಮೀನಿಗೆ ಔಷಧ ಹಾಕಿರಲಿಲ್ಲ ಎಂದು ಖಚಿತವಿದ್ದರೆ. ಮೇಲೆ ಗಾಜು ಅಥವಾ ಅಕ್ರಿಲಿಕ್ ಹಾಳೆ ಮುಚ್ಚಿ, ಒಂದು ಮೂಲೆಯಲ್ಲಿ ಬೆರಳಷ್ಟು ಸಂದಿ ಬಿಡಿ. ಒಳಗೆ ಡಿಜಿಟಲ್ ಆರ್ದ್ರತಾ ಮಾಪಕ ಇಡಿ. ಅಗ್ಗದ ಮಾಪಕ ಸುಳ್ಳು ಹೇಳುವುದುಂಟು, ಪರೀಕ್ಷಿಸಲು ದಾರಿ ಇದೆ: ಒಂದು ಬಾಟಲಿ ಮುಚ್ಚಳದ ತುಂಬ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರಿನಿಂದ ಒದ್ದೆ ಮಾಡಿ, ಮಾಪಕದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ಹಗಲು ಒಂದು ರಾತ್ರಿ ಇಡಿ. ಅದು 75 ತೋರಿಸಬೇಕು. 70 ತೋರಿಸಿದರೆ ಮುಂದೆ ಓದುವಾಗಲೆಲ್ಲ 5 ಕೂಡಿಸಿಕೊಳ್ಳಿ. ಚಳಿಗಾಲಕ್ಕೆ ಬಿಸಿಯ ಬಲ್ಬ್ ಬೇಡ, ಗಾಳಿಯನ್ನು ಒಣಗಿಸುತ್ತದೆ. ಹೀಟ್ ಮ್ಯಾಟ್ ತಂದು ತೊಟ್ಟಿಯ ಹಿಂದಿನ ಗೋಡೆಗೆ, ಮರಳಿನ ಮಟ್ಟಕ್ಕಿಂತ ಮೇಲೆ ಅಂಟಿಸಿ. ತಳಕ್ಕೆ ಅಂಟಿಸಿದರೆ ಮರಳಿನಲ್ಲಿ ಹೂತು ಮಲಗಿದ ಏಡಿ ಬೇಯುತ್ತದೆ.

ಮರಳೂ ನೀರಿನ ವಿಷಯವೇ. ಬಣ್ಣದ ಕಲ್ಲು ತೆಗೆದುಹಾಕಿ. ತೊಳೆದ ನಯವಾದ ಹೊಳೆ ಮರಳು ಅಥವಾ ಅಕ್ವೇರಿಯಂ ಮರಳು 5 ಪಾಲು, ತೆಂಗಿನ ನಾರಿನ ಪುಡಿ 1 ಪಾಲು. ಎಂ-ಸ್ಯಾಂಡ್ ಜಲ್ಲಿ ಪುಡಿಯಾದ್ದರಿಂದ ಚೂಪು, ಪೊರೆ ಬಿಟ್ಟ ಮೃದು ಮೈಗೆ ಗೀರುತ್ತದೆ. ನಾರಿನ ಪುಡಿಗೆ ನಮಗೇನು ಕೊರತೆ, ತಿಪಟೂರಿನ ಸೀಮೆ ಪಕ್ಕದಲ್ಲೇ ಇದೆ. ಗೊಬ್ಬರ ಬೆರೆಸದ್ದು ಎಂದು ಕೇಳಿ ತನ್ನಿ. ಇದನ್ನು ಕ್ಲೋರಿನ್ ಇಲ್ಲದ ನೀರಿನಿಂದ ಕಲಸಿ. ತಂಬಿಟ್ಟು ಹಿಡಿದಂತೆ ಮುಷ್ಟಿಯಲ್ಲಿ ಉಂಡೆ ನಿಲ್ಲಬೇಕು, ಹಿಂಡಿದರೆ ಹನಿ ಬೀಳಬಾರದು. ಕನಿಷ್ಠ 6 ಇಂಚು ಆಳ ತುಂಬಿ. ತೊಟ್ಟಿಯ ಅಳತೆಗೆ ಅದು ಹೆಚ್ಚು ಕಡಿಮೆ 1 ಘನ ಅಡಿ, ತೂಕ 40 ಕೆಜಿ ಆಸುಪಾಸು, ಆದ್ದರಿಂದ ಗಟ್ಟಿ ಮೇಜಿನ ಮೇಲಿಡಿ. ಇಷ್ಟು ತೇವದ ಮರಳಿದ್ದರೆ ಮುಚ್ಚಿದ ತೊಟ್ಟಿಯಲ್ಲಿ ಆರ್ದ್ರತೆ ತಾನಾಗಿ ನಿಲ್ಲುತ್ತದೆ, ದಿನವೂ ಚಿಮುಕಿಸಬೇಕಿಲ್ಲ. ಅತಿ ಪ್ರೀತಿಯಿಂದ ಚಿಮುಕಿಸುತ್ತಲೇ ಇದ್ದರೆ ತಳದಲ್ಲಿ ನೀರು ನಿಂತು ಕೊಳೆಯುತ್ತದೆ. ವಾರಕ್ಕೊಮ್ಮೆ ಬಗ್ಗಿ ಗಾಜಿನ ತಳವನ್ನು ನೋಡಿ.

ಆ ಆಳ ಬೇಕಾಗಿರುವುದು ಪೊರೆಗಾಗಿ. ಏಡಿ ಮರಳಿನೊಳಗೆ ಇಳಿದು, ಗುಹೆ ಮಾಡಿಕೊಂಡು, ಹಳೆಯ ಚಿಪ್ಪು ಕಳಚಿ, ಅದನ್ನೇ ತಿಂದು, ಹೊಸದು ಗಟ್ಟಿಯಾದ ಮೇಲೆ ಮೇಲೆ ಬರುತ್ತದೆ. ಚಿಕ್ಕದಕ್ಕೆ ಕೆಲವು ವಾರ, ದೊಡ್ಡದಕ್ಕೆ ಎರಡು ತಿಂಗಳು ಅಥವಾ ಇನ್ನೂ ಹೆಚ್ಚು. ಮರಳು ಒಣಗಿದರೆ ಗುಹೆ ಕುಸಿಯುತ್ತದೆ. ಆ ಕಾಲದಲ್ಲಿ ಅಗೆದು ನೋಡುವುದು ಏಡಿಯನ್ನು ಕೊಲ್ಲುವುದಕ್ಕೆ ಸಮ. ಮಗಳಿಗೆ ಇದನ್ನು ಚೆನ್ನಾಗಿ ತಿಳಿಸಿ ಹೇಳಿ, ಕುತೂಹಲ ತಡೆಯುವುದು ಮಕ್ಕಳಿಗೆ ಕಷ್ಟ.

ನಿಮ್ಮ ದೊಡ್ಡ ಏಡಿಗೆ ಹೂತುಕೊಳ್ಳಲು ಜಾಗವೇ ಇಲ್ಲ, ಅದಕ್ಕೇ ಮೇಲೆ ಮುದುಡಿ ಕುಳಿತಿರಬಹುದು. ತೊಟ್ಟಿ ಸಿದ್ಧವಾಗುವವರೆಗೆ ಡಬ್ಬಿಯ ಜಾಲರಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಳಗೆ ಕ್ಯಾನ್ ನೀರಿನ ಆಳವಿಲ್ಲದ ತಟ್ಟೆ ಇಡಿ, ಕತ್ತಲು ಮಾಡಿ. ತೊಟ್ಟಿ ಸಿದ್ಧವಾದ ದಿನ ಏಡಿಯನ್ನು ಶಂಖದಿಂದ ಹಿಡಿದೆತ್ತಿ ಬಟ್ಟಲುಗಳ ಸಮೀಪ ಮರಳಿನ ಮೇಲಿಟ್ಟು ಕೈ ತೆಗೆಯಿರಿ. ನೀರಿನಲ್ಲಿ ಅದ್ದಿ ಸ್ನಾನ ಮಾಡಿಸಬೇಡಿ. ಮರಳಿನ ಮೇಲೆಯೇ ಪೊರೆ ಬಿಟ್ಟರೆ ಅರ್ಧ ತೆಂಗಿನ ಚಿಪ್ಪನ್ನು ಕವುಚಿ, ಇನ್ನೊಂದು ಏಡಿ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಕಳಚಿದ ಪೊರೆ ಅದರ ಬಳಿಯೇ ಇರಲಿ. ತಿಂಗಳು ಪೂರ್ತಿ ಒಣ ಗಾಳಿಯಲ್ಲಿದ್ದ ಏಡಿಯ ಕಿವಿರಿಗೆ ಆದ ಹಾನಿ ಎಲ್ಲ ಸರಿಪಡಿಸಿದ ಮೇಲೂ ಅದರ ಜೀವ ತೆಗೆಯಬಹುದು. ಹಾಗಾದರೆ ಇನ್ನೊಂದನ್ನಾದರೂ ಉಳಿಸಿಕೊಳ್ಳಲು ಈ ಕೆಲಸ ಈ ವಾರವೇ ಆಗಬೇಕು.

ಆಹಾರದ ಬಗ್ಗೆ ನೀವು ಕೇಳಿಲ್ಲ, ಚುಟುಕಾಗಿ ಹೇಳುತ್ತೇನೆ: ತೆಂಗಿನ ತುರಿ, ಬೇಯಿಸಿ ಪುಡಿ ಮಾಡಿದ ಮೊಟ್ಟೆಯ ಸಿಪ್ಪೆ, ಉಪ್ಪು ಹಾಕದ ಒಣ ಸಿಗಡಿ, ಚೆನ್ನಾಗಿ ತೊಳೆದ ಹಣ್ಣು, ತರಕಾರಿ. ನಮ್ಮ ಟೊಮೆಟೊ, ದ್ರಾಕ್ಷಿಗಳಿಗೆ ಹೊಡೆಯುವ ಔಷಧ ನಿಮಗೆ ತಿಳಿದದ್ದೇ. ಬಣ್ಣ ಬಳಿದ ಶಂಖವಿದ್ದರೆ ಬದಲಿಸಿಕೊಳ್ಳಲು ಬಣ್ಣವಿಲ್ಲದ, ತುಸು ದೊಡ್ಡ ಕೆಲವು ಶಂಖಗಳನ್ನು ಒಳಗಿಡಿ. ಸಮುದ್ರದ ಕೆಲವು ಶಂಖಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾದ್ದರಿಂದ ಸಿಕ್ಕಿದ್ದನ್ನೆಲ್ಲ ಕೊಳ್ಳಬೇಡಿ. ತೋಟಗಳಿಗೆ ಪೀಡೆಯಾಗಿರುವ ಆಫ್ರಿಕನ್ ಬಸವನಹುಳುವಿನ ಖಾಲಿ ಚಿಪ್ಪನ್ನು ಹಲವು ದ್ವೀಪಗಳಲ್ಲಿ ಈ ಏಡಿಗಳು ತಾವಾಗಿಯೇ ಹೊಕ್ಕು ಬದುಕುತ್ತವೆ. ಹುಳುವಿಗೆ ಮೈಲುತುತ್ತವನ್ನೋ ವಿಷವನ್ನೋ ಹಾಕದ ತೋಟದ್ದಾದರೆ, ಬರಿಗೈಯಲ್ಲಿ ಮುಟ್ಟದೆ ತಂದು, ಚೆನ್ನಾಗಿ ಕುದಿಸಿ, ತೊಳೆದು ಬಳಸಬಹುದು.

ಕೆರೆಗೆ ಬಿಡುವ ಪ್ರಶ್ನೆಗೆ ಉತ್ತರ ಬೇಡ ಎಂದೇ. ಕೋಲಾರಮ್ಮನ ಕೆರೆಯಾಗಲಿ ಇನ್ನಾವುದಾಗಲಿ, ಉಪ್ಪೂ ಇಲ್ಲ, ಕಡಲಗಾಳಿಯೂ ಇಲ್ಲ, ಸಾಯುತ್ತವೆ. ಪ್ರವಾಸ ಹೋದಾಗ ಯಾವುದೋ ಸಮುದ್ರತೀರದಲ್ಲಿ ಬಿಡುವುದೂ ಸರಿಯಲ್ಲ. ಅವು ಯಾವ ತೀರದ ಜಾತಿ ಎಂದು ನಮಗೆ ಗೊತ್ತಿಲ್ಲ, ಅವುಗಳ ಜೊತೆ ಯಾವ ರೋಗ ಹೋಗುತ್ತದೋ ಅದೂ ಗೊತ್ತಿಲ್ಲ. ಸಾಕಲು ಸಾಧ್ಯವೇ ಇಲ್ಲವೆನಿಸಿದರೆ ತೊಟ್ಟಿ, ಮಾಪಕ, ಉಪ್ಪಿನ ಸಮೇತ ಅನುಭವವಿರುವ ಸಾಕಣೆದಾರರಿಗೆ ಒಪ್ಪಿಸಿ. ಇವೆರಡರಲ್ಲಿ ಯಾವುದು ತೀರಿಹೋದರೂ ಅಂಗಡಿಗೆ ಹೋಗಿ ಮತ್ತೊಂದನ್ನು ತರಬೇಡಿ. ಈ ಏಡಿಗಳ ಮರಿಗಳು ಮೊದಲ ವಾರಗಳನ್ನು ಸಮುದ್ರದಲ್ಲಿ ತೇಲುತ್ತಾ ಕಳೆಯಬೇಕಾದ್ದರಿಂದ ಮನೆಯಲ್ಲಿ ಮರಿ ಮಾಡಿಸುವುದು ತೀರಾ ಅಪರೂಪ. ಅಂಗಡಿಯಲ್ಲಿ ಕಾಣುವ ಹೆಚ್ಚುಕಡಿಮೆ ಪ್ರತಿಯೊಂದು ಏಡಿಯೂ ಯಾವುದೋ ತೀರದಿಂದ ಹಿಡಿದು ತಂದದ್ದು, ಮತ್ತು ಒಂದು ಮಾರಾಟವಾದರೆ ಇನ್ನೊಂದನ್ನು ಹಿಡಿಯುತ್ತಾರೆ.